ಯು ವಾಂಟ್ ಇಟ್ ಡಾರ್ಕರ್

ಯು ವಾಂಟ್ ಇಟ್ ಡಾರ್ಕರ್ ಕೆನಡಾದ ಕವಿ, ಗೀತರಚನಕಾರ ಮತ್ತು ಗಾಯಕ ಲಿಯೊನಾರ್ಡ್ ಕೋಹೆನ್ ಅವರ ಹದಿನಾಲ್ಕನೆಯ ಸ್ಟುಡಿಯೋ ಆಲ್ಬಮ್. ಕೊಲಂಬಿಯಾ ರೆಕಾರ್ಡ್ಸ್ ಸಂಸ್ಥೆಯು ಇದನ್ನು 2016ರ ಅಕ್ಟೋಬರ್ 21ರಂದು ಬಿಡುಗಡೆ ಮಾಡಿತು. ಬಿಡುಗಡೆಯಾದ ಹದಿನೇಳನೆಯ ದಿನ, ನವೆಂಬರ್ 7ರಂದು, ಕೋಹೆನ್ ತಮ್ಮ 82ನೆಯ ವಯಸ್ಸಿನಲ್ಲಿ ನಿಧನರಾದರು. ಹೀಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೊನೆಯ ಆಲ್ಬಮ್ ಇದಾಗಿದೆ. ಒಂಬತ್ತು ಹಾಡುಗಳಿರುವ ಈ ಕೃತಿಯ ಒಟ್ಟು ಅವಧಿ ಸುಮಾರು 36 ನಿಮಿಷಗಳು. ಮುಪ್ಪು, ಸಾವಿನ ಸಾಮೀಪ್ಯ, ದೇವರೊಡನೆ ಮನುಷ್ಯನ ಸಂಬಂಧ ಮತ್ತು ಆಸೆಗಳಿಂದ ಬಿಡುಗಡೆ ಇದರ ಮುಖ್ಯ ವಸ್ತುಗಳು. ಕೋಹೆನ್ ಅವರ ಮಗ ಆಡಮ್ ಕೋಹೆನ್ ಹಾಗೂ ಸಂಗೀತಗಾರ ಪ್ಯಾಟ್ರಿಕ್ ಲಿಯೊನಾರ್ಡ್ ಇದರ ನಿರ್ಮಾಣದಲ್ಲಿ ಪ್ರಮುಖ ಪಾತ್ರ ವಹಿಸಿದರು.

ಹಿನ್ನೆಲೆ

ಲಿಯೊನಾರ್ಡ್ ಕೋಹೆನ್ 1934ರ ಸೆಪ್ಟೆಂಬರ್ 21ರಂದು ಕೆನಡಾದ ಕ್ವಿಬೆಕ್ ಪ್ರಾಂತದ ಮಾಂಟ್ರಿಯಲ್ ನಗರಕ್ಕೆ ಹೊಂದಿಕೊಂಡ ವೆಸ್ಟ್‌ಮೌಂಟ್‌ನಲ್ಲಿ ಜನಿಸಿದರು. ಅವರದು ಸುಸ್ಥಿತಿಯಲ್ಲಿದ್ದ ಸಂಪ್ರದಾಯಸ್ಥ ಯೆಹೂದಿ ಕುಟುಂಬ. ಮುತ್ತಾತ ಲಾಜರಸ್ ಕೋಹೆನ್ ಮತ್ತು ತಾತ ಲಯನ್ ಕೋಹೆನ್ ಇಬ್ಬರೂ ಅಲ್ಲಿನ ಶಾರ್ ಹಶೋಮಾಯಿಮ್ ಎಂಬ ಸಿನಗಾಗ್‌ನ, ಅಂದರೆ ಯೆಹೂದಿ ಪ್ರಾರ್ಥನಾ ಮಂದಿರದ, ಅಧ್ಯಕ್ಷರಾಗಿದ್ದವರು. ತಾಯಿಯ ತಂದೆ ಸಾಲೊಮನ್ ಕ್ಲೊನಿಟ್ಸ್ಕಿ-ಕ್ಲೈನ್ ಯೆಹೂದಿ ಧರ್ಮಶಾಸ್ತ್ರದಲ್ಲಿ ವಿದ್ವಾಂಸರು. ಕೋಹೆನ್ ಎಂಬ ಮನೆತನದ ಹೆಸರೇ ಹೀಬ್ರೂ ಭಾಷೆಯಲ್ಲಿ ಪುರೋಹಿತ ಎಂಬ ಅರ್ಥವನ್ನು ಕೊಡುತ್ತದೆ. ಮೋಶೆಯ ಅಣ್ಣನಾದ ಆರೋನನ ವಂಶದವರೆಂದು ಈ ಮನೆತನಗಳವರು ಪರಂಪರೆಯಿಂದ ನಂಬಿಕೊಂಡು ಬಂದಿದ್ದಾರೆ. ಲಿಯೊನಾರ್ಡ್ ಒಂಬತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು.

ಕೋಹೆನ್ ಮೊದಲು ಪ್ರಸಿದ್ಧರಾದುದು ಕವಿಯಾಗಿ. ಅವರ ಮೊದಲ ಕವನಸಂಕಲನ 1956ರಲ್ಲಿ ಪ್ರಕಟವಾಯಿತು. 1960ರಿಂದ ಕೆಲವು ವರ್ಷ ಗ್ರೀಸ್ ದೇಶದ ಹೈಡ್ರಾ ದ್ವೀಪದಲ್ಲಿ ನೆಲೆಸಿ ಕವಿತೆ, ಕಾದಂಬರಿಗಳನ್ನು ಬರೆದರು. ಹಾಡುಗಾರರಾಗಿ ಅವರ ಮೊದಲ ಆಲ್ಬಮ್ ಹೊರಬಂದುದು 1967ರ ಡಿಸೆಂಬರ್‌ನಲ್ಲಿ. ಆಗ ಅವರಿಗೆ 33 ವರ್ಷ. ಆ ಕ್ಷೇತ್ರದ ಮಟ್ಟಿಗೆ ಅದು ತಡವಾದ ಆರಂಭವೇ ಸರಿ. ಅಲ್ಲಿಂದ ಮುಂದೆ ಧರ್ಮಗ್ರಂಥಗಳ ಕಥೆ, ಪ್ರಾರ್ಥನೆಯ ಪದ, ಪ್ರೇಮದ ವಿರಹ ಇವುಗಳು ಅವರ ಹಾಡುಗಳಲ್ಲಿ ಬೇರ್ಪಡಿಸಲಾಗದಂತೆ ಬೆರೆತುಕೊಂಡವು. 1984ರ ಆಲ್ಬಮ್‌ನಲ್ಲಿದ್ದ ಹಲ್ಲೆಲೂಯಾ ಎಂಬ ಹಾಡು ಅನೇಕ ಗಾಯಕರ ಕಂಠದಲ್ಲಿ ಹರಡಿ ಅವರ ಅತ್ಯಂತ ಜನಪ್ರಿಯ ರಚನೆಯಾಯಿತು.

ಜನ್ಮತಃ ಬಂದ ಧರ್ಮವನ್ನು ಬಿಡದೆಯೇ ಕೋಹೆನ್ ಇತರ ಸಾಧನಾ ಮಾರ್ಗಗಳನ್ನೂ ಅರಸಿದರು. ಜಪಾನಿನ ಝೆನ್ ಗುರು ಜೋಶು ಸಾಸಾಕಿ ಅವರ ಶಿಷ್ಯರಾಗಿ 1994ರಿಂದ 1999ರವರೆಗೆ ಕ್ಯಾಲಿಫೋರ್ನಿಯಾದ ಮೌಂಟ್ ಬಾಲ್ಡಿ ಆಶ್ರಮದಲ್ಲಿ ವಾಸಿಸಿದರು. 1996ರಲ್ಲಿ ಸನ್ಯಾಸದೀಕ್ಷೆ ಪಡೆದು ಜಿಕಾನ್ ಎಂಬ ಹೆಸರನ್ನು ಧರಿಸಿದರು. ಆದರೂ ತಮಗೆ ಹೊಸ ಧರ್ಮದ ಅಗತ್ಯವಿಲ್ಲ, ಇರುವ ಯೆಹೂದಿ ಧರ್ಮದಲ್ಲಿಯೇ ತೃಪ್ತಿಯಿದೆ ಎಂಬುದು ಅವರ ನಿಲುವಾಗಿತ್ತು.

2005ರ ಸುಮಾರಿಗೆ ತಮ್ಮ ಉಳಿತಾಯದ ಬಹುಭಾಗ ಕೈಬಿಟ್ಟುಹೋಗಿರುವುದು ಅವರ ಗಮನಕ್ಕೆ ಬಂದಿತು. ಎಪ್ಪತ್ತು ದಾಟಿದ ಮೇಲೆ ಜೀವನೋಪಾಯಕ್ಕಾಗಿ ಮತ್ತೆ ವೇದಿಕೆ ಏರಬೇಕಾಯಿತು. 2008ರಿಂದ 2013ರ ನಡುವೆ ನಡೆದ ವಿಶ್ವ ಪ್ರವಾಸಗಳಲ್ಲಿ ಮೂರು ಗಂಟೆಗೂ ಮೀರಿದ ಕಛೇರಿಗಳನ್ನು ಅವರು ನಡೆಸಿಕೊಟ್ಟರು. ಹಣದ ನಷ್ಟದಿಂದ ಆರಂಭವಾದ ಈ ಅಧ್ಯಾಯ ಅವರಿಗೆ ಹಿಂದೆಂದೂ ಇಲ್ಲದಷ್ಟು ದೊಡ್ಡ ಶ್ರೋತೃವರ್ಗವನ್ನು ತಂದುಕೊಟ್ಟಿತು. ಇದರ ಬೆನ್ನಿಗೆ ಓಲ್ಡ್ ಐಡಿಯಾಸ್ (2012), ಪಾಪ್ಯುಲರ್ ಪ್ರಾಬ್ಲಮ್ಸ್ (2014) ಮತ್ತು ಯು ವಾಂಟ್ ಇಟ್ ಡಾರ್ಕರ್ (2016) ಎಂಬ ಮೂರು ಸ್ಟುಡಿಯೋ ಆಲ್ಬಮ್‌ಗಳು ಹೊರಬಂದವು. ವಸ್ತು ಮತ್ತು ಧ್ವನಿಯ ಸಾಮ್ಯದಿಂದಾಗಿ ಇವನ್ನು ಕೋಹೆನ್ ಅವರ ವೃದ್ಧಾಪ್ಯದ ತ್ರಿವಳಿಯಾಗಿ ಒಟ್ಟಿಗೆ ಕೇಳುವುದುಂಟು.

ಧ್ವನಿಮುದ್ರಣ

ಈ ಆಲ್ಬಮ್‌ನ ಕೆಲಸ ನಡೆಯುತ್ತಿದ್ದ ಕಾಲಕ್ಕೆ ಕೋಹೆನ್ ಅವರ ದೇಹಸ್ಥಿತಿ ಬಹಳ ಹದಗೆಟ್ಟಿತ್ತು. ಬೆನ್ನುಮೂಳೆಯಲ್ಲಿ ಹಲವೆಡೆ ಬಿರುಕು ಬಿಟ್ಟಿದ್ದು, ನಡೆದಾಡುವುದೇ ಕಷ್ಟವಾಗಿತ್ತು. ಕ್ಯಾನ್ಸರ್ ಕಾಯಿಲೆಯೂ ಇದ್ದು, ಅದು ಹೊರಗಿನವರಿಗೆ ತಿಳಿದಿರಲಿಲ್ಲ. ಸ್ಟುಡಿಯೋಗೆ ಹೋಗಿಬರುವ ಶಕ್ತಿ ಅವರಲ್ಲಿರಲಿಲ್ಲ. ಕೆಲಸ ನಿಂತುಹೋಗುವ ಹಂತಕ್ಕೆ ಬಂದಾಗ ಮಗ ಆಡಮ್ ಕೋಹೆನ್ ಹೊಣೆ ವಹಿಸಿಕೊಂಡರು. ಆಡಮ್ ಸ್ವತಃ ಗೀತರಚನಕಾರರೂ ಗಾಯಕರೂ ಹೌದು.

ಲಾಸ್ ಏಂಜಲೀಸ್ ನಗರದಲ್ಲಿದ್ದ ಕೋಹೆನ್ ಅವರ ಸಾಧಾರಣ ಮನೆಯ ನಡುಕೋಣೆಯೇ ಸ್ಟುಡಿಯೋ ಆಯಿತು. ಬೆನ್ನಿಗೆ ಆಸರೆ ಕೊಡುವ ವೈದ್ಯಕೀಯ ಕುರ್ಚಿಯಲ್ಲಿ ಕುಳಿತು, ಊಟದ ಮೇಜಿನ ಮೇಲೆ ಇರಿಸಿದ ಮೈಕ್ರೊಫೋನಿನ ಮುಂದೆ ಅವರು ಹಾಡಿದರು. ಮುದ್ರಿಸಿಕೊಂಡ ಧ್ವನಿಯನ್ನು ಬೇರೆ ಬೇರೆ ಕಡೆಗಳಲ್ಲಿದ್ದ ಸಂಗೀತಗಾರರಿಗೆ ಇಮೇಲ್ ಮೂಲಕ ಕಳುಹಿಸಿ, ಅವರು ನುಡಿಸಿ ಕಳುಹಿಸಿದ ಭಾಗಗಳನ್ನು ಆಡಮ್ ಜೋಡಿಸಿದರು. ನೋವಿನ ನಡುವೆಯೂ ತಂದೆ ಕೆಲವೊಮ್ಮೆ ಎದ್ದು ನಿಂತು ಹಾಡಿಗೆ ಹೆಜ್ಜೆ ಹಾಕುತ್ತಿದ್ದರೆಂದೂ, ಆ ದಿನಗಳಲ್ಲಿ ನಗೆಚಾಟಿಕೆಗೆ ಕೊರತೆಯಿರಲಿಲ್ಲವೆಂದೂ ಆಡಮ್ ನೆನೆದುಕೊಂಡಿದ್ದಾರೆ. ಕೆಲಸವೇ ತಂದೆಯ ದೇಹದ ನೋವನ್ನು ಮರೆಸುವ ಸಾಧನವಾಗಿತ್ತು ಎಂಬುದು ಅವರ ಮಾತಿನ ಸಾರ.

ಪ್ಯಾಟ್ರಿಕ್ ಲಿಯೊನಾರ್ಡ್ ಹಿಂದಿನ ಎರಡು ಆಲ್ಬಮ್‌ಗಳಲ್ಲಿಯೂ ಕೋಹೆನ್ ಅವರೊಂದಿಗೆ ದುಡಿದಿದ್ದವರು. ಅದಕ್ಕೂ ಮೊದಲು ಗಾಯಕಿ ಮಡೋನಾ ಅವರ ಹಾಡುಗಳ ರಚನೆ ಮತ್ತು ನಿರ್ಮಾಣದಿಂದ ಹೆಸರಾಗಿದ್ದರು. ಈ ಆಲ್ಬಮ್‌ನ ಹಲವು ಹಾಡುಗಳ ರಾಗಸಂಯೋಜನೆಯಲ್ಲಿ ಅವರ ಪಾಲಿದೆ. ಕೋಹೆನ್ ಅವರ ಬಹುಕಾಲದ ಸಹವರ್ತಿ ಶರಾನ್ ರಾಬಿನ್ಸನ್ ಒಂದು ಹಾಡಿಗೆ ಸಹರಚನಕಾರರು. ಗಾಯಕಿ ಅಲಿಸನ್ ಕ್ರಾಸ್ ಒಂದು ಹಾಡಿನಲ್ಲಿ ದನಿಗೂಡಿಸಿದ್ದಾರೆ.

ಸಿನಗಾಗ್‌ನ ಗಾಯಕವೃಂದ

ಆಲ್ಬಮ್‌ನ ಧ್ವನಿಗೆ ವಿಶಿಷ್ಟ ಗಾಂಭೀರ್ಯ ತಂದಿರುವುದು ಮಾಂಟ್ರಿಯಲ್‌ನ ಶಾರ್ ಹಶೋಮಾಯಿಮ್ ಸಿನಗಾಗ್‌ನ ಪುರುಷ ಗಾಯಕವೃಂದ. ಬಾಲ್ಯದಲ್ಲಿ ಕೇಳಿದ ಪ್ರಾರ್ಥನಾ ಗಾಯನದ ಧ್ವನಿಯೇ ತಮಗೆ ಬೇಕೆಂದು ಕೋಹೆನ್ ಅಲ್ಲಿನ ಕ್ಯಾಂಟರ್ ಗಿಡಿಯನ್ ಝೆಲರ್‌ಮಯರ್ ಅವರನ್ನು ಕೋರಿದರು. ಕ್ಯಾಂಟರ್ ಎಂದರೆ ಸಿನಗಾಗ್‌ನಲ್ಲಿ ಪ್ರಾರ್ಥನೆಯನ್ನು ಹಾಡಿ ಮುನ್ನಡೆಸುವ ವ್ಯಕ್ತಿ. ಝೆಲರ್‌ಮಯರ್ ಮತ್ತು ಗಾಯಕವೃಂದ ಶೀರ್ಷಿಕೆ ಗೀತೆಯಲ್ಲಿಯೂ, ಏಳನೆಯ ಹಾಡಾದ ಇಟ್ ಸೀಮ್ಡ್ ದ ಬೆಟರ್ ವೇ ಎಂಬುದರಲ್ಲಿಯೂ ಕೇಳಿಬರುತ್ತಾರೆ. ಶೀರ್ಷಿಕೆ ಗೀತೆಯ ಕೊನೆಯಲ್ಲಿ ಕೋಹೆನ್ ಅವರ ದನಿ ಹಿಂದೆ ಸರಿದು, ಕ್ಯಾಂಟರ್ ಅವರ ಒಂಟಿ ದನಿ ಮೇಲೇಳುತ್ತದೆ.

ಹುಟ್ಟಿದ ಊರಿನ, ಕುಟುಂಬದ ಹಿರಿಯರು ಕಟ್ಟಿ ಬೆಳೆಸಿದ ಪ್ರಾರ್ಥನಾ ಮಂದಿರದ ಧ್ವನಿಯನ್ನು ಕೊನೆಯ ಆಲ್ಬಮ್‌ಗೆ ತಂದುಕೊಂಡುದನ್ನು ಕವಿಯು ತನ್ನ ಮೂಲಕ್ಕೆ ಮರಳಿದ ಸೂಚನೆಯಾಗಿ ಕಾಣಬಹುದು. ಕೆಲವೇ ವಾರಗಳ ನಂತರ ಅದೇ ಸಿನಗಾಗ್‌ಗೆ ಸೇರಿದ ಸ್ಮಶಾನದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಸಂಗೀತ ಮತ್ತು ಕಂಠ

ಆಲ್ಬಮ್‌ನ ವಾದ್ಯಸಂಯೋಜನೆ ಮಿತವಾದುದು. ಬಾಸ್ ಗಿಟಾರ್, ಆರ್ಗನ್, ಪಿಯಾನೊ, ಪಿಟೀಲು ಮತ್ತು ಸ್ತ್ರೀ ಕಂಠಗಳ ಹಿಮ್ಮೇಳ ಇದರ ಮುಖ್ಯ ಅಂಗಗಳು. ಪಾಶ್ಚಾತ್ಯ ಜಾನಪದ, ಬ್ಲೂಸ್, ಗಾಸ್ಪೆಲ್, ಯೆಹೂದಿ ಪ್ರಾರ್ಥನಾ ಸಂಗೀತ ಮತ್ತು ಗ್ರೀಕ್ ಜನಪ್ರಿಯ ಸಂಗೀತ ಇವುಗಳ ಛಾಯೆಗಳು ಒಂದೊಂದು ಹಾಡಿನಲ್ಲಿ ಕಾಣಿಸುತ್ತವೆ. ತಾಳ ನಿಧಾನ. ಮಾತಿನ ಅರ್ಥ ಕೇಳುಗನಿಗೆ ತಲುಪಲು ಎಲ್ಲಿಯೂ ಅಡ್ಡಿಯಾಗದಂತೆ ವಾದ್ಯಗಳು ಹಿಂದೆ ಉಳಿಯುತ್ತವೆ.

ಯೌವನದಲ್ಲಿ ಮಧ್ಯಮ ಸ್ಥಾಯಿಯಲ್ಲಿದ್ದ ಕೋಹೆನ್ ಅವರ ದನಿ ದಶಕಗಳು ಉರುಳಿದಂತೆ ಮಂದ್ರಕ್ಕೆ ಇಳಿಯುತ್ತಾ ಬಂದಿತ್ತು. ಈ ಆಲ್ಬಮ್ ಹೊತ್ತಿಗೆ ಅದು ಹಾಡುವಿಕೆ ಮತ್ತು ಮಾತಿನ ನಡುವಿನ ಗಡಿಯಲ್ಲಿ ನಿಂತಿದೆ. ಮೈಕ್ರೊಫೋನ್ ತುಟಿಗೆ ತೀರ ಹತ್ತಿರದಲ್ಲಿದ್ದುದರಿಂದ ಉಸಿರಿನ ಏರಿಳಿತವೂ, ಪದಗಳ ಕೊನೆಯ ಕರಕರ ಸದ್ದೂ ಸ್ಪಷ್ಟವಾಗಿ ಕೇಳುತ್ತವೆ. ದನಿಯ ಸವೆತವನ್ನು ಮರೆಮಾಚುವ ಪ್ರಯತ್ನ ಇಲ್ಲಿಲ್ಲ. ಹಾಡುಗಳು ಹೇಳುವ ವಿಷಯಕ್ಕೆ ಆ ಸವೆತವೇ ಸಾಕ್ಷಿಯಾಗಿ ನಿಲ್ಲುತ್ತದೆ.

ಹಾಡುಗಳ ಪಟ್ಟಿ

1. ಯು ವಾಂಟ್ ಇಟ್ ಡಾರ್ಕರ್
2. ಟ್ರೀಟಿ
3. ಆನ್ ದ ಲೆವೆಲ್
4. ಲೀವಿಂಗ್ ದ ಟೇಬಲ್
5. ಇಫ್ ಐ ಡಿಡಂಟ್ ಹ್ಯಾವ್ ಯುವರ್ ಲವ್
6. ಟ್ರಾವೆಲಿಂಗ್ ಲೈಟ್
7. ಇಟ್ ಸೀಮ್ಡ್ ದ ಬೆಟರ್ ವೇ
8. ಸ್ಟಿಯರ್ ಯುವರ್ ವೇ
9. ಸ್ಟ್ರಿಂಗ್ ರಿಪ್ರೈಸ್ / ಟ್ರೀಟಿ

ಶೀರ್ಷಿಕೆ ಗೀತೆ

ಆಲ್ಬಮ್‌ನ ಮೊದಲ ಹಾಡು ದೇವರನ್ನು ನೇರವಾಗಿ ಸಂಬೋಧಿಸುತ್ತದೆ. ಕತ್ತಲೆಯನ್ನು ಇನ್ನಷ್ಟು ಗಾಢಗೊಳಿಸಲು ಬಯಸುವವನು ಯಾರು ಎಂಬ ಪ್ರಶ್ನೆಗೆ ಹಾಡು ಒಂದೇ ಉತ್ತರವನ್ನು ಕೊಡುವುದಿಲ್ಲ. ಸಂಬೋಧನೆ ದೇವರಿಗೆ ಇರಬಹುದು, ಹಿಂಸೆಯಲ್ಲಿ ತೊಡಗಿರುವ ಮನುಷ್ಯಕುಲಕ್ಕೆ ಇರಬಹುದು, ಕೋಹೆನ್ ಅವರಿಂದ ಸದಾ ವಿಷಾದದ ಹಾಡುಗಳನ್ನೇ ನಿರೀಕ್ಷಿಸುವ ಕೇಳುಗರಿಗೂ ಇರಬಹುದು.

ಹಾಡಿನ ತಿರುಳಿರುವುದು ಹಿನೇನಿ ಎಂಬ ಹೀಬ್ರೂ ಪದದಲ್ಲಿ. ಕನ್ನಡ ಬೈಬಲ್ ಇದನ್ನು ‘ಇಗೋ, ಇದ್ದೇನೆ’ ಎಂದು ಅನುವಾದಿಸುತ್ತದೆ. ಎಲ್ಲಿದ್ದೀಯೆ ಎಂಬ ಪ್ರಶ್ನೆಗೆ ಕೊಡುವ ಸಾಮಾನ್ಯ ಉತ್ತರ ಇದಲ್ಲ; ಕರೆದವನು ಏನನ್ನೇ ಬೇಡಿದರೂ ಒಪ್ಪಿಸಲು ಸಿದ್ಧನಿದ್ದೇನೆ ಎಂಬ ಭಾವ ಇದರಲ್ಲಿದೆ. ಆದಿಕಾಂಡದ 22ನೆಯ ಅಧ್ಯಾಯದಲ್ಲಿ, ಮಗ ಇಸಾಕನನ್ನು ಬಲಿ ಕೊಡುವಂತೆ ದೇವರು ಆಜ್ಞಾಪಿಸುವ ಸಂದರ್ಭದಲ್ಲಿ, ಅಬ್ರಹಾಮನು ಈ ಪದವನ್ನು ಮೂರು ಬಾರಿ ನುಡಿಯುತ್ತಾನೆ: ಕರೆದ ದೇವರಿಗೆ ಒಮ್ಮೆ, ಬಲಿಯ ಕುರಿ ಎಲ್ಲಿ ಎಂದು ಕೇಳಲು ಕೂಗಿದ ಮಗನಿಗೆ ಒಮ್ಮೆ, ಕತ್ತಿ ಎತ್ತಿದ ಕೈಯನ್ನು ತಡೆದ ದೇವದೂತನಿಗೆ ಇನ್ನೊಮ್ಮೆ. ಉರಿಯುವ ಪೊದೆಯ ಮುಂದೆ ಮೋಶೆಯೂ, ಬಾಲಕ ಸಮುವೇಲನೂ, ಪ್ರವಾದಿ ಯೆಶಾಯನೂ ಇದೇ ಪದದಿಂದ ಕರೆಗೆ ಓಗೊಡುತ್ತಾರೆ. ಯೆಹೂದಿಗಳ ಹೊಸ ವರ್ಷ ಮತ್ತು ಪ್ರಾಯಶ್ಚಿತ್ತದ ದಿನಗಳಂದು, ಸಮುದಾಯದ ಪರವಾಗಿ ಪ್ರಾರ್ಥಿಸಲು ತಾನು ಅನರ್ಹನೆಂದು ಕ್ಯಾಂಟರ್ ದೇವರಲ್ಲಿ ಅರಿಕೆ ಮಾಡಿಕೊಳ್ಳುವ ಪ್ರಾರ್ಥನೆಯೂ ಇದೇ ಪದದಿಂದ ಆರಂಭವಾಗುತ್ತದೆ.

ಕೋಹೆನ್ 1969ರಲ್ಲಿಯೇ ಸ್ಟೋರಿ ಆಫ್ ಐಸಾಕ್ ಎಂಬ ಹಾಡಿನಲ್ಲಿ ಈ ಬಲಿಯ ಕಥೆಯನ್ನು ಬಳಸಿದ್ದರು. ಅಲ್ಲಿ ಕಥೆಯನ್ನು ಹೇಳುವವನು ಬಲಿಪೀಠದ ಕಡೆಗೆ ನಡೆಯುತ್ತಿರುವ ಮಗ; ಎಳೆಯರನ್ನು ಬಲಿ ಕೊಡುವ ಹಿರಿಯರ ವಿರುದ್ಧ ಆ ಹಾಡು ದೂರು ಸಲ್ಲಿಸುತ್ತದೆ. 47 ವರ್ಷಗಳ ಬಳಿಕ ಅದೇ ಕವಿ ತಂದೆಯ ಬಾಯಿಯ ಪದವನ್ನು ತನ್ನದಾಗಿಸಿಕೊಂಡಿದ್ದಾರೆ. ವ್ಯತ್ಯಾಸವೆಂದರೆ, ಈ ಬಾರಿ ಬಲಿಗೆ ಸಿದ್ಧವಾಗಿರುವುದು ಮಗನಲ್ಲ, ಹಾಡುವವನ ಸ್ವಂತ ದೇಹ.

ಹಾಡಿನಲ್ಲಿ ಕದ್ದೀಶ್ ಪ್ರಾರ್ಥನೆಯ ಪ್ರತಿಧ್ವನಿಯೂ ಇದೆ. ಯೆಹೂದಿಗಳು ಸತ್ತವರ ಸ್ಮರಣೆಗಾಗಿ ಹೇಳುವ ಈ ಪ್ರಾರ್ಥನೆಯಲ್ಲಿ ಸಾವಿನ ಪ್ರಸ್ತಾಪವೇ ಇಲ್ಲ. ಮೊದಲಿಂದ ಕೊನೆಯವರೆಗೂ ದೇವರ ನಾಮದ ಮಹಿಮೆಯ ಕೊಂಡಾಟವಿದೆ. ದುಃಖದ ಗಳಿಗೆಯಲ್ಲಿಯೂ ದೇವರನ್ನು ಸ್ತುತಿಸಬೇಕೆಂಬ ಈ ವಿಧಿಯ ಪಕ್ಕದಲ್ಲಿಯೇ ಕೋಹೆನ್ ಬಾರದೇ ಹೋದ ಸಹಾಯಕ್ಕಾಗಿ ಉರಿದ ಅಸಂಖ್ಯ ದೀಪಗಳ ಚಿತ್ರವನ್ನು ಇಡುತ್ತಾರೆ. ಎರಡನೆಯ ಮಹಾಯುದ್ಧದ ಕಾಲದ ಯೆಹೂದಿ ನರಮೇಧದ ಸೂಚನೆಯಾಗಿ ಇದನ್ನು ಓದಲು ಅವಕಾಶವಿದೆ. ಹೀಗೆ ಸ್ತುತಿ ಮತ್ತು ಆಪಾದನೆಗಳು ಒಂದೇ ಉಸಿರಿನಲ್ಲಿ ಬರುತ್ತವೆ. ದೇವರೊಡನೆ ವಾದಿಸುವುದು ಅಬ್ರಹಾಮ ಮತ್ತು ಯೋಬನಿಂದ ಮೊದಲ್ಗೊಂಡು ಯೆಹೂದಿ ಪರಂಪರೆಯಲ್ಲಿ ಮಾನ್ಯವಾದ ಭಕ್ತಿಯ ರೂಪ. ದಾಸಸಾಹಿತ್ಯದ ನಿಂದಾಸ್ತುತಿಯನ್ನು ಬಲ್ಲ ಕನ್ನಡ ಓದುಗರಿಗೆ ಈ ಧಾಟಿ ಅಪರಿಚಿತವೆನಿಸದು. ಆದರೆ ನಿಂದಾಸ್ತುತಿಯಲ್ಲಿ ನಿಂದೆಯ ಮರೆಯಲ್ಲಿರುವ ಸಲಿಗೆ ಇಲ್ಲಿ ಕಡಿಮೆ. ಇಲ್ಲಿನ ಆಪಾದನೆ ಆಪಾದನೆಯಾಗಿಯೇ ಉಳಿಯುತ್ತದೆ, ಶರಣಾಗತಿಯೂ ಅಷ್ಟೇ ನಿಜವಾಗಿರುತ್ತದೆ.

ಇತರ ಹಾಡುಗಳು

ಟ್ರೀಟಿ ಎಂದರೆ ಯುದ್ಧದಲ್ಲಿ ತೊಡಗಿದ ಎರಡು ಪಕ್ಷಗಳ ನಡುವಿನ ಒಪ್ಪಂದ. ಯೇಸು ನೀರನ್ನು ದ್ರಾಕ್ಷಾರಸವಾಗಿಸಿದ ಪವಾಡದ ಉಲ್ಲೇಖದಿಂದ ಹಾಡು ಆರಂಭವಾಗುತ್ತದೆ. ಇದನ್ನು ಅಗಲಿದ ಪ್ರೇಯಸಿಯೊಡನೆ ಆಡಿದ ಮಾತಾಗಿಯೂ ದೇವರೊಡನೆ ಆಡಿದ ಮಾತಾಗಿಯೂ ಓದಬಹುದು. ಬೈಬಲ್ಲಿನಲ್ಲಿ ದೇವರು ಮನುಷ್ಯನೊಂದಿಗೆ ಮಾಡಿಕೊಳ್ಳುವುದು ಒಡಂಬಡಿಕೆ. ಅದರಲ್ಲಿ ಕೊಡುವವನು ದೇವರು, ಸ್ವೀಕರಿಸುವವನು ಮನುಷ್ಯ. ಒಪ್ಪಂದವಾದರೋ ಹೋರಾಡಿ ದಣಿದ ಸಮಾನರ ನಡುವಿನದು. ಈ ಪದದ ಆಯ್ಕೆಯಲ್ಲಿಯೇ ಹಾಡಿನ ನೋವು ಅಡಗಿದೆ: ಹಾಡುವವನಿಗೆ ಗೆಲುವಿನ ಆಸೆ ಉಳಿದಿಲ್ಲ, ಕದನವಿರಾಮ ಸಾಕಾಗಿದೆ.

ಆನ್ ದ ಲೆವೆಲ್ ಹಾಡಿನಲ್ಲಿ ಆಕರ್ಷಣೆಯೊಂದರಿಂದ ಹಿಂದೆ ಸರಿದ ಮುದುಕನೊಬ್ಬ ಆ ನಿರ್ಧಾರದ ಬಗೆಗೆ ಹೆಮ್ಮೆ ಮತ್ತು ವಿಷಾದ ಎರಡನ್ನೂ ಹೇಳಿಕೊಳ್ಳುತ್ತಾನೆ. ಲೀವಿಂಗ್ ದ ಟೇಬಲ್ ನಿಧಾನಗತಿಯ ವಾಲ್ಟ್ಸ್ ಲಯದಲ್ಲಿದೆ. ಮೇಜಿನಿಂದ ಎದ್ದು ಹೋಗುವುದು ಎಂಬ ಶೀರ್ಷಿಕೆಯಲ್ಲಿ ಜೂಜಿನ ಆಟವನ್ನು ಬಿಟ್ಟೇಳುವುದು, ಊಟ ಮುಗಿಸಿ ಏಳುವುದು, ಪ್ರಣಯದ ವ್ಯವಹಾರದಿಂದ ನಿವೃತ್ತಿ, ಬದುಕಿನಿಂದಲೇ ನಿರ್ಗಮನ ಎಂಬ ಅರ್ಥಗಳೆಲ್ಲ ಸೇರಿವೆ. ಇಫ್ ಐ ಡಿಡಂಟ್ ಹ್ಯಾವ್ ಯುವರ್ ಲವ್ ಆಲ್ಬಮ್‌ನ ಅತ್ಯಂತ ನೇರವಾದ ಪ್ರೇಮಗೀತೆ. ಪ್ರೀತಿಯಿಲ್ಲದ ಜಗತ್ತು ಹೇಗಿರುತ್ತಿತ್ತು ಎಂಬ ಕಲ್ಪನೆಯ ಮೇಲೆ ಅದು ನಿಂತಿದೆ. ಪ್ರೀತಿಸುವವರು ಮನುಷ್ಯರೋ ದೇವರೋ ಎಂಬುದನ್ನು ಇಲ್ಲಿಯೂ ಬಿಡಿಸಿ ಹೇಳಿಲ್ಲ.

ಟ್ರಾವೆಲಿಂಗ್ ಲೈಟ್ ಹಾಡಿನಲ್ಲಿ ಗ್ರೀಕ್ ತಂತಿವಾದ್ಯ ಬುಝೂಕಿಯ ನಾದ ಕೇಳಿಸುತ್ತದೆ. ಹೈಡ್ರಾ ದ್ವೀಪದ ಯೌವನದ ದಿನಗಳನ್ನು ಅದು ನೆನಪಿಸುತ್ತದೆ. ಆ ದಿನಗಳ ಸಂಗಾತಿಯಾಗಿದ್ದ ನಾರ್ವೆಯ ಮೇರಿಯಾನ್ ಇಹ್ಲೆನ್ ಆಲ್ಬಮ್ ಬಿಡುಗಡೆಯಾದ ವರ್ಷವೇ, 2016ರ ಜುಲೈ ತಿಂಗಳಲ್ಲಿ, ನಿಧನರಾದರು. ಆಕೆ ಮರಣಶಯ್ಯೆಯಲ್ಲಿದ್ದ ಸುದ್ದಿ ತಿಳಿದ ಕೂಡಲೇ ಕೋಹೆನ್ ಬರೆದ ಬೀಳ್ಕೊಡುಗೆಯ ಪತ್ರವನ್ನು ಆಕೆಗೆ ಓದಿ ಹೇಳಲಾಯಿತು. ತಾನೂ ಹಿಂದೆಯೇ ಬರುತ್ತಿದ್ದೇನೆ ಎಂಬುದು ಅದರ ಸಾರಾಂಶವಾಗಿತ್ತು. ಮೂರೂವರೆ ತಿಂಗಳೊಳಗೆ ಆ ಮಾತು ನಿಜವಾಯಿತು.

ಇಟ್ ಸೀಮ್ಡ್ ದ ಬೆಟರ್ ವೇ ಹಾಡಿನ ಹಿಂದೆ ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರು ಎಂಬ ಯೇಸುವಿನ ಬೋಧನೆಯಿದೆ. ಮೊದಲು ಕೇಳಿದಾಗ ಸತ್ಯವೆನಿಸಿದ್ದು ಇಂದು ಹಾಗೆ ತೋರುತ್ತಿಲ್ಲ ಎಂಬ ಶಂಕೆಯೇ ಅದರ ವಸ್ತು. ಗಮನಿಸಬೇಕಾದ ಅಂಶವೆಂದರೆ, ಈ ಶಂಕೆಯ ಹಾಡಿಗೆ ಹಿಮ್ಮೇಳ ಒದಗಿಸಿರುವುದು ಪ್ರಾರ್ಥನಾ ಮಂದಿರದ ಗಾಯಕವೃಂದ. ಸ್ಟಿಯರ್ ಯುವರ್ ವೇ ಕವಿತೆಯ ರೂಪದಲ್ಲಿ 2016ರ ಜೂನ್‌ನಲ್ಲಿ ದ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಮೊದಲು ಪ್ರಕಟವಾಗಿತ್ತು. ನಿನ್ನೆ ನಂಬಿದ್ದ ಸತ್ಯಗಳ ಅವಶೇಷಗಳ ನಡುವೆ ಒಂದೊಂದೇ ದಿನ, ಒಂದೊಂದೇ ಹೆಜ್ಜೆಯಾಗಿ ಮುಂದೆ ಸಾಗುವಂತೆ ಅದು ಮನಸ್ಸಿಗೆ ಹೇಳಿಕೊಳ್ಳುವ ಉಪದೇಶ. ಕೊನೆಯ ಹಾಡು ಬಹುಪಾಲು ತಂತಿವಾದ್ಯಗಳ ಸಂಗೀತ. ಎರಡನೆಯ ಹಾಡಿನ ರಾಗ ಅದರಲ್ಲಿ ಮರುಕಳಿಸುತ್ತದೆ. ಕೊನೆಗೆ ಕೋಹೆನ್ ಅವರ ದನಿ ಕೆಲವೇ ಸಾಲುಗಳಿಗಾಗಿ ಮರಳಿ ಬಂದು, ಕೈಗೂಡದ ಅದೇ ಒಪ್ಪಂದದ ಹಂಬಲವನ್ನು ಮತ್ತೆ ಹೇಳಿ ಮುಗಿಯುತ್ತದೆ.

ಭಾರತದ ಅದ್ವೈತ ಪರಂಪರೆಯೊಡನೆ ನಂಟು

ಕೋಹೆನ್ ಅವರ ಧಾರ್ಮಿಕ ಅನ್ವೇಷಣೆಯಲ್ಲಿ ಭಾರತಕ್ಕೂ ಸ್ಥಾನವಿದೆ. 1999ರಲ್ಲಿ ಝೆನ್ ಆಶ್ರಮವನ್ನು ಬಿಟ್ಟ ಬಳಿಕ ಅವರು ಮುಂಬೈಗೆ ಬಂದು ಅದ್ವೈತ ಬೋಧಕ ರಮೇಶ್ ಬಾಲ್ಸೇಕರ್ ಅವರ ಸತ್ಸಂಗದಲ್ಲಿ ಪಾಲ್ಗೊಂಡರು. ಮುಂದೆಯೂ ಹಲವು ಬಾರಿ ಬಂದುಹೋದರು. ಬಾಲ್ಸೇಕರ್ ಬ್ಯಾಂಕ್ ಆಫ್ ಇಂಡಿಯಾದ ಉನ್ನತಾಧಿಕಾರಿಯಾಗಿ ನಿವೃತ್ತರಾದವರು, ನಿಸರ್ಗದತ್ತ ಮಹಾರಾಜರ ಶಿಷ್ಯರು. ಎಲ್ಲವೂ ತಾನಾಗಿ ನಡೆಯುತ್ತದೆ, ಮಾಡುವವನು ನಾನೆಂಬ ಕರ್ತೃತ್ವಭಾವವೇ ಭ್ರಮೆ ಎಂಬುದು ಅವರ ಬೋಧನೆಯ ತಿರುಳು. ಬಹುಕಾಲದಿಂದ ತಮ್ಮನ್ನು ಕಾಡುತ್ತಿದ್ದ ಖಿನ್ನತೆ ಆ ವರ್ಷಗಳಲ್ಲಿ ಮೆಲ್ಲಗೆ ಸರಿಯಿತೆಂದು ಕೋಹೆನ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ನಿಸರ್ಗದತ್ತ ಮಹಾರಾಜರ ಗುರು ಸಿದ್ಧರಾಮೇಶ್ವರ ಮಹಾರಾಜರು. ಅವರ ಗುರು ಭಾವುಸಾಹೇಬ ಮಹಾರಾಜ ಉಮದೀಕರ್. ಭಾವುಸಾಹೇಬರು ಮಠ ಸ್ಥಾಪಿಸಿದ ಇಂಚಗೇರಿ ಕರ್ನಾಟಕದ ವಿಜಯಪುರ ಜಿಲ್ಲೆಯಲ್ಲಿದೆ. ಈ ಗುರುಪರಂಪರೆಗೆ ಇಂಚಗೇರಿ ಸಂಪ್ರದಾಯವೆಂಬ ಹೆಸರು ಬಂದುದು ಇದರಿಂದಲೇ. ನಿಂಬಾಳದ ಗುರುದೇವ ರಾನಡೆಯವರೂ ಇದೇ ಭಾವುಸಾಹೇಬರ ಶಿಷ್ಯರು.

ಆದರೂ ಈ ಆಲ್ಬಮ್‌ನಲ್ಲಿ ಅದ್ವೈತದ ಪರಿಭಾಷೆ ಎಲ್ಲಿಯೂ ಬರುವುದಿಲ್ಲ. ಅದರ ಪದಗಳು ಯೆಹೂದಿ ಮತ್ತು ಕ್ರೈಸ್ತ ಗ್ರಂಥಗಳವು. ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ನೀನು ಎಂದು ಕರೆಯುವ ದ್ವೈತದ ಭಾಷೆಯೇ ಕೊನೆಗೂ ಕವಿಗೆ ಒದಗಿದೆ.

ಬಿಡುಗಡೆ

ಶೀರ್ಷಿಕೆ ಗೀತೆಯನ್ನು ಕೋಹೆನ್ ಅವರ 82ನೆಯ ಹುಟ್ಟುಹಬ್ಬದಂದು, 2016ರ ಸೆಪ್ಟೆಂಬರ್ 21ರಂದು, ಪ್ರತ್ಯೇಕವಾಗಿ ಬಿಡುಗಡೆ ಮಾಡಲಾಯಿತು. ಅಕ್ಟೋಬರ್‌ನಲ್ಲಿ ದ ನ್ಯೂಯಾರ್ಕರ್ ಪತ್ರಿಕೆಯ ಸಂಪಾದಕ ಡೇವಿಡ್ ರೆಮ್ನಿಕ್ ಬರೆದ ದೀರ್ಘ ಲೇಖನದಲ್ಲಿ, ತಾವು ಸಾಯಲು ಸಿದ್ಧರಿರುವುದಾಗಿಯೂ, ಅದು ಹೆಚ್ಚು ಸಂಕಟದಾಯಕವಾಗದಿದ್ದರೆ ಸಾಕೆಂದೂ ಕೋಹೆನ್ ಹೇಳಿದ್ದು ವರದಿಯಾಯಿತು. ಇದು ಅಭಿಮಾನಿಗಳಲ್ಲಿ ಆತಂಕ ಹುಟ್ಟಿಸಿತು. ಅಕ್ಟೋಬರ್ 13ರಂದು ಲಾಸ್ ಏಂಜಲೀಸ್‌ನ ಕೆನಡಾ ದೂತಾವಾಸದಲ್ಲಿ ನಡೆದ ಆಲ್ಬಮ್‌ನ ಪರಿಚಯ ಕಾರ್ಯಕ್ರಮದಲ್ಲಿ ಅವರು ಆ ಮಾತು ಅತಿಶಯೋಕ್ತಿಯಾಗಿತ್ತೆಂದೂ, ತಾವು ಶಾಶ್ವತವಾಗಿ ಬದುಕಿರುವ ಉದ್ದೇಶ ಹೊಂದಿರುವುದಾಗಿಯೂ ನಗೆಚಟಾಕಿ ಹಾರಿಸಿದರು. ಅದೇ ಅವರ ಕೊನೆಯ ಸಾರ್ವಜನಿಕ ಸಂದರ್ಭಗಳಲ್ಲಿ ಒಂದಾಯಿತು.

ನಿಧನ

ಕೋಹೆನ್ 2016ರ ನವೆಂಬರ್ 7ರಂದು ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲಿ ನಿಧನರಾದರು. ಅವರು ರಕ್ತದ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. ರಾತ್ರಿ ಕೆಳಗೆ ಬಿದ್ದುದು ಮರಣಕ್ಕೆ ಕಾರಣವಾಯಿತೆಂದೂ, ಸಾವು ನಿದ್ರೆಯಲ್ಲಿ ಶಾಂತವಾಗಿ ಬಂದಿತೆಂದೂ ಅವರ ವ್ಯವಸ್ಥಾಪಕರು ಬಳಿಕ ತಿಳಿಸಿದರು. ಸುದ್ದಿ ಬಹಿರಂಗವಾದುದು ನವೆಂಬರ್ 10ರಂದು. ಅಷ್ಟರಲ್ಲಿ ಮಾಂಟ್ರಿಯಲ್‌ನ ಶಾರ್ ಹಶೋಮಾಯಿಮ್ ಸ್ಮಶಾನದಲ್ಲಿ, ಕುಟುಂಬದ ಹಿರಿಯರ ಸಮಾಧಿಗಳ ಬಳಿ, ಯೆಹೂದಿ ವಿಧಿಯಂತೆ ಸರಳವಾದ ಪೈನ್ ಮರದ ಪೆಟ್ಟಿಗೆಯಲ್ಲಿ ಅವರನ್ನು ಮಣ್ಣು ಮಾಡಲಾಗಿತ್ತು.

ಸ್ವಾಗತ ಮತ್ತು ಪ್ರಶಸ್ತಿಗಳು

ವಿಮರ್ಶಕರು ಆಲ್ಬಮ್‌ಗೆ ಒಮ್ಮತದ ಪ್ರಶಂಸೆ ನೀಡಿದರು. ಕೆನಡಾದ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಇದು ಮೊದಲ ಸ್ಥಾನ ಪಡೆಯಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿಯೂ ಮೊದಲ ಹತ್ತರೊಳಗೆ ಬಂದಿತು. 2017ರ ಜುನೋ ಪ್ರಶಸ್ತಿಗಳಲ್ಲಿ ವರ್ಷದ ಆಲ್ಬಮ್ ಗೌರವ ಈ ಕೃತಿಗೂ, ವರ್ಷದ ಕಲಾವಿದ ಗೌರವ ಕೋಹೆನ್ ಅವರಿಗೂ ಮರಣೋತ್ತರವಾಗಿ ಸಂದವು. 2018ರ ಜನವರಿಯಲ್ಲಿ ನಡೆದ 60ನೆಯ ಗ್ರ್ಯಾಮಿ ಪ್ರಶಸ್ತಿ ಸಮಾರಂಭದಲ್ಲಿ ಶೀರ್ಷಿಕೆ ಗೀತೆಗೆ ಅತ್ಯುತ್ತಮ ರಾಕ್ ಪ್ರಸ್ತುತಿಗಾಗಿ ಪ್ರಶಸ್ತಿ ದೊರೆಯಿತು.

ಸಾವಿನ ಹೊಸ್ತಿಲಲ್ಲಿ ರಚಿತವಾದ ಇತರ ಆಲ್ಬಮ್‌ಗಳೊಂದಿಗೆ ಇದನ್ನು ಹೋಲಿಸುವುದು ಸಾಮಾನ್ಯ. ವಾರನ್ ಝೆವಾನ್ ತಮಗೆ ವಾಸಿಯಾಗದ ಕ್ಯಾನ್ಸರ್ ಇದೆಯೆಂದು ತಿಳಿದ ಮೇಲೆ ದ ವಿಂಡ್ (2003) ರಚಿಸಿದರು. ಡೇವಿಡ್ ಬೋವಿ ಅವರ ಬ್ಲ್ಯಾಕ್‌ಸ್ಟಾರ್ 2016ರ ಜನವರಿ 8ರಂದು ಹೊರಬಂದಿತು. ಎರಡು ದಿನಗಳ ನಂತರ ಅವರು ತೀರಿಕೊಂಡರು. ಕೋಹೆನ್ ಅವರ ಕೃತಿಗೆ ಇವುಗಳಿಂದ ಇರುವ ಭೇದವೆಂದರೆ, ಸಾವು ಅವರಿಗೆ ಕೊನೆಗಾಲದಲ್ಲಿ ಹೊಸದಾಗಿ ಎದುರಾದ ವಸ್ತುವಲ್ಲ. ಪ್ರಾಯಶ್ಚಿತ್ತದ ದಿನದ ಪ್ರಾರ್ಥನೆಯನ್ನು ಆಧರಿಸಿ, ಯಾರು ಹೇಗೆ ಸಾಯುವರು ಎಂದು ಕೇಳುವ ಹೂ ಬೈ ಫೈರ್ ಎಂಬ ಹಾಡನ್ನು ಅವರು 1974ರಲ್ಲಿಯೇ ಹಾಡಿದ್ದರು. ಆಗ ಎಲ್ಲರ ಪರವಾಗಿ ಕೇಳಿದ ಪ್ರಶ್ನೆ 2016ರಲ್ಲಿ ಒಬ್ಬನ ಪ್ರಶ್ನೆಯಾಯಿತು.

ಆಲ್ಬಮ್‌ನ ಅರ್ಥದ ಬಗೆಗೆ ಎರಡು ಬಗೆಯ ಓದುಗಳಿಗೆ ಆಸ್ಪದವಿದೆ. ಶೀರ್ಷಿಕೆ ಗೀತೆಯ ಹಿನೇನಿ ಪದವನ್ನು ಮುಖ್ಯವಾಗಿ ಹಿಡಿದರೆ ಇದು ಪೂರ್ಣ ಶರಣಾಗತಿಯ ಕೃತಿ. ಟ್ರೀಟಿ ಮತ್ತು ಇಟ್ ಸೀಮ್ಡ್ ದ ಬೆಟರ್ ವೇ ಹಾಡುಗಳನ್ನು ಮುಂದಿಟ್ಟುಕೊಂಡರೆ, ಕೊನೆಯ ಗಳಿಗೆಯವರೆಗೂ ಇತ್ಯರ್ಥವಾಗದ ವ್ಯಾಜ್ಯದ ಕೃತಿ. ಹಾಡುಗಳ ಕ್ರಮವನ್ನು ಗಮನಿಸಿದರೆ, ಸಿದ್ಧನಿದ್ದೇನೆ ಎಂಬ ಮಾತು ಆರಂಭದಲ್ಲಿಯೂ, ಒಪ್ಪಂದವೊಂದು ಆಗಬಾರದೇ ಎಂಬ ಹಂಬಲ ಕೊನೆಯಲ್ಲಿಯೂ ಇವೆ. ಸಾಮಾನ್ಯವಾಗಿ ಭಕ್ತಿಕಾವ್ಯ ಸಂದೇಹದಿಂದ ಹೊರಟು ಸಮಾಧಾನದಲ್ಲಿ ಮುಗಿಯುತ್ತದೆ. ಇಲ್ಲಿ ಆ ಕ್ರಮ ತಿರುವುಮುರುವಾಗಿದೆ.

ನಂತರದ ಪ್ರಕಟಣೆಗಳು

ಕೋಹೆನ್ ಅವರ ಮೊದಲ ಪುಣ್ಯತಿಥಿಯ ಮುನ್ನಾದಿನ, 2017ರ ನವೆಂಬರ್ 6ರಂದು, ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ಟವರ್ ಆಫ್ ಸಾಂಗ್ ಎಂಬ ಸ್ಮರಣಾರ್ಥ ಸಂಗೀತ ಕಾರ್ಯಕ್ರಮ ನಡೆಯಿತು. ಕೊನೆಯ ಕವಿತೆಗಳು, ಹಾಡಿನ ಸಾಹಿತ್ಯ, ಟಿಪ್ಪಣಿ ಮತ್ತು ರೇಖಾಚಿತ್ರಗಳ ಸಂಕಲನ ದ ಫ್ಲೇಮ್ 2018ರಲ್ಲಿ ಪ್ರಕಟವಾಯಿತು. ಯು ವಾಂಟ್ ಇಟ್ ಡಾರ್ಕರ್ ಸಿದ್ಧವಾಗುತ್ತಿದ್ದ ಕಾಲದಲ್ಲಿ ಮುದ್ರಿಸಿದ್ದ, ಅಪೂರ್ಣವಾಗಿ ಉಳಿದಿದ್ದ ಹಾಡುಗಳಿಗೆ ಆಡಮ್ ಕೋಹೆನ್ ಸಂಗೀತ ಕೂಡಿಸಿದರು. ಅವು 2019ರ ನವೆಂಬರ್ 22ರಂದು ಥ್ಯಾಂಕ್ಸ್ ಫಾರ್ ದ ಡ್ಯಾನ್ಸ್ ಎಂಬ ಆಲ್ಬಮ್ ಆಗಿ ಬಿಡುಗಡೆಯಾದವು. ಕೋಹೆನ್ ತಾವೇ ಪೂರ್ಣಗೊಳಿಸಿ, ಬಿಡುಗಡೆಯನ್ನೂ ಕಂಡ ಕೊನೆಯ ಕೃತಿ ಯು ವಾಂಟ್ ಇಟ್ ಡಾರ್ಕರ್ ಆಗಿಯೇ ಉಳಿದಿದೆ.